ಯಲಬುರ್ಗಾದ ಅರ್ಕಾವತ್ತನ್ನು ಯಾರು ನೋಡುತ್ತಾರೆ?

ಸಾಣಾಪುರ ಎಂಬ ಊರಿನ ಹೆಸರು ಕಂಪ್ಯೂಟರಿಗೆ ಸಲೀಸು. ಒತ್ತಕ್ಷರವಿಲ್ಲ, ಅರ್ಕಾವತ್ತಿಲ್ಲ, ಕಾಗುಣಿತ ಗೊತ್ತಿದ್ದರೆ ಸಾಕು. ಹೊಸ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂದು ಪರೀಕ್ಷಿಸಲು ಕೂತವರು ಇದೊಂದನ್ನೇ ಟೈಪ್ ಮಾಡಿ ಎದ್ದರೆ ಮೋಸ ಹೋಗುತ್ತಾರೆ. ಸುತ್ತಲಿನ ಉಳಿದ ಊರುಗಳನ್ನೂ ಬರೆದು ನೋಡಬೇಕು. ಕೊಪ್ಪಳಕ್ಕೆ ಪಕಾರದ ಒತ್ತು ಬೇಕು, ಕುಷ್ಟಗಿಗೆ ಷಕಾರದ ಕೆಳಗೆ ಟಕಾರ ಬೇಕು. ಯಲಬುರ್ಗಾ ಇನ್ನೂ ಕಠಿಣ. ಕಂಪ್ಯೂಟರಿನ ಮೆಮೊರಿಯಲ್ಲಿ ರಕಾರ ಮೊದಲು, ಗಕಾರ ಆಮೇಲೆ. ತೆರೆಯ ಮೇಲೆ ಮಾತ್ರ 'ಗಾ' ಮುಂದೆ ಬಂದು, ರಕಾರ ಅರ್ಕಾವತ್ತಾಗಿ ಅದರ ಹಿಂದೆ ನಿಲ್ಲಬೇಕು. ಈ ಅದಲುಬದಲು ಮಾಡುವುದಕ್ಕೆಂದೇ ಒಂದು ತಂತ್ರಾಂಶವಿದೆ. ಲಿನಕ್ಸ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ಅದು ಹಾರ್ಫ್‌ಬಜ್. ಅದರಲ್ಲಾಗಲಿ ಫಾಂಟಿನಲ್ಲಾಗಲಿ ಚಿಕ್ಕದೊಂದು ತಪ್ಪು ನುಸುಳಿದರೂ ರೈತರ ಪಹಣಿಯ 'ಸರ್ವೆ' ಎಂಬ ಪದ ಕೆಡಬಹುದು.

ಆಪರೇಟಿಂಗ್ ಸಿಸ್ಟಮ್ ಬಿಡುಗಡೆಗೆ ಮುನ್ನ ನೋಡಬೇಕಾದ್ದು ಅಕ್ಷರಗಳನ್ನಷ್ಟೇ ಅಲ್ಲ. ಇನ್‌ಸ್ಟಾಲ್ ಆಗುತ್ತದೆಯೇ, ವೈಫೈ ಸಿಗುತ್ತದೆಯೇ, ಹಳೆಯ ಆವೃತ್ತಿಯಿಂದ ಅಪ್‌ಡೇಟ್ ಮಾಡಿದರೆ ಕಡತಗಳು ಉಳಿಯುತ್ತವೆಯೇ? ದಿನವೂ ಬದಲಾಗುವ ತಂತ್ರಾಂಶವನ್ನು ದಿನವೂ ಕೈಯಾರೆ ಪರೀಕ್ಷಿಸಲು ಜನ ಸಾಲುವುದಿಲ್ಲ. ಅದಕ್ಕೆಂದೇ ಓಪನ್‌ಸೂಸೆ ಎಂಬ ಲಿನಕ್ಸ್ ಬಳಗ ಓಪನ್‌ಕ್ಯೂಎ ಎಂಬ ವ್ಯವಸ್ಥೆಯನ್ನು ಕಟ್ಟಿತು. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಗ ಕೂಡ ಅದನ್ನು ಬಳಸುತ್ತದೆ. ಅದು ವರ್ಚುವಲ್ ಮಷೀನಿನಲ್ಲಿ ಹೊಸ ಆವೃತ್ತಿಯನ್ನು ಶುರುಮಾಡಿ, ತಾನೇ ಕೀಲಿ ಒತ್ತಿ, ತಾನೇ ಮೌಸ್ ಕ್ಲಿಕ್ಕಿಸಿ, ತೆರೆಯ ಚಿತ್ರ ತೆಗೆಯುತ್ತದೆ. ಆ ಚಿತ್ರವನ್ನು ಮನುಷ್ಯರು ಮೊದಲೇ ಒಪ್ಪಿಟ್ಟ ಮಾದರಿ ಚಿತ್ರದೊಂದಿಗೆ ಹೋಲಿಸುತ್ತದೆ. ಹೊಂದಿದರೆ ಪಾಸು, ಇಲ್ಲದಿದ್ದರೆ ಫೇಲು.

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಯಂತ್ರವನ್ನು ಕಂಡವರಿಗೆ ಇದರ ಬಲವೂ ಗೊತ್ತು, ಮಿತಿಯೂ ಗೊತ್ತು. ಯಾವ ಕಾಳನ್ನು ಒಳ್ಳೆಯದೆಂದು ಹೊಂದಿಸಿದ್ದೇವೋ ಅದನ್ನೇ ಅದು ಉಳಿಸುತ್ತದೆ. ಹಾಗಾದರೆ ಕನ್ನಡದ ಮಾದರಿ ಚಿತ್ರವನ್ನು ಒಪ್ಪಿದವರು ಯಾರು? ಅವರಿಗೆ ಕನ್ನಡ ಓದಲು ಬಾರದಿದ್ದರೆ ಅರ್ಕಾವತ್ತು ತಪ್ಪಿದ ಯಲಬುರ್ಗಾವೇ ಮಾದರಿಯಾಗಿಬಿಡುತ್ತದೆ. ಯಂತ್ರ ಆ ತಪ್ಪನ್ನು ಪ್ರತಿದಿನ ಪಾಸು ಮಾಡುತ್ತದೆ. ಮುಂದೊಂದು ದಿನ ಯಾರೋ ತಿಳಿದವರು ಅಕ್ಷರವನ್ನು ಸರಿಪಡಿಸಿದರೆ, ಆಗ ಫೇಲು ಎನ್ನುತ್ತದೆ! ನನ್ನನ್ನು ಕಾಡುವ ಸಂಗತಿ ಇದು.

ಯಾರಿಗೂ ಹೊಳೆಯದ ಜೋಡಣೆಯನ್ನಂತೂ ಯಂತ್ರ ನೋಡುವುದೇ ಇಲ್ಲ. 2018ರ ಫೆಬ್ರುವರಿಯಲ್ಲಿ ಬಯಲಾದ ತೆಲುಗು ಅಕ್ಷರದ ಪ್ರಕರಣ ಅಂಥದ್ದು. ಐಓಎಸ್ 11.2.5 ಇದ್ದ ಐಫೋನಿಗೆ ತೆಲುಗಿನ 'ಜ್ಞಾ' ಬಂದರೆ, ಅದನ್ನು ತೋರಿಸಲು ಹೋದ ಆ್ಯಪ್ ಕುಸಿದು ಬೀಳುತ್ತಿತ್ತು. ಮಾಮೂಲಿ ಜ್ಞಾ ಏನೂ ಮಾಡುತ್ತಿರಲಿಲ್ಲ. ಒಳಗೆ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಚಿಹ್ನೆ ಸೇರಿದ್ದರೆ ಮಾತ್ರ ಈ ಫಜೀತಿ. ಬಂಗಾಳಿ, ದೇವನಾಗರಿಗಳ ಕೆಲವು ಜೋಡಣೆಗಳಲ್ಲೂ ಇದೇ ದೋಷ ಕಂಡಿತು. ಫೆಬ್ರುವರಿ 19ರಂದು ಆಪಲ್ 11.2.6 ಬಿಟ್ಟು ಸರಿಪಡಿಸಿತು.

ಹಾಗೆಂದು ಪರೀಕ್ಷೆಯನ್ನು ಜನರ ಕೈಗೆ ಕೊಟ್ಟರೆ ಸಾಕೆನ್ನುವಂತೆಯೂ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳ ಕಡತಗಳನ್ನೇ ಅಳಿಸಿಹಾಕಿತು. ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದು, ನವೆಂಬರ್ 13ಕ್ಕೆ ಮತ್ತೆ ಬಿಟ್ಟಿತು. ಮುಂಚಿತವಾಗಿ ಬಳಸಿ ನೋಡುವ ಇನ್‌ಸೈಡರ್ ಸ್ವಯಂಸೇವಕರು 2014ರಿಂದಲೂ ಆ ಕಂಪನಿಯ ಜೊತೆಗಿದ್ದಾರೆ. ಅವರಲ್ಲಿ ಕೆಲವರು ಕಡತ ಕಳೆದುಹೋದದ್ದನ್ನು ಬಿಡುಗಡೆಗೆ ಮೊದಲೇ ವರದಿ ಮಾಡಿದ್ದರು. ದೂರುಗಳ ರಾಶಿಯಲ್ಲಿ ಅದು ಮೇಲೆ ಬರಲಿಲ್ಲ. ಆಮೇಲಷ್ಟೇ ದೋಷ ಎಷ್ಟು ಗಂಭೀರ ಎಂದು ಹೇಳುವ ಅವಕಾಶ ವರದಿಯಲ್ಲಿ ಸೇರಿತು.

ಹಾಗಾಗಿ ಮೊದಲ ನೋಟ ಆಯಾ ಭಾಷೆ ಓದಬಲ್ಲವರದ್ದೇ ಆಗಿರಬೇಕು. ಅವರು ಕಂಡದ್ದನ್ನು ಮತ್ತೆ ಮತ್ತೆ ಕಾಯುವ ಕೆಲಸ ಯಂತ್ರಕ್ಕೆ. ಹಾರ್ಫ್‌ಬಜ್‌ನ ಪರೀಕ್ಷೆಗಳು ಹೀಗೇ ಇವೆ: ಇಂಥ ಅಕ್ಷರಸಾಲು ಕೊಟ್ಟರೆ ಫಾಂಟಿನ ಇಂಥ ಆಕೃತಿಗಳು ಇಂಥ ಕ್ರಮದಲ್ಲಿ ಬರಬೇಕು ಎಂದು ಬರೆದಿಟ್ಟಿರುತ್ತಾರೆ. ಫೆಡೋರಾ ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ, ಅದಕ್ಕೂ ಮುನ್ನ ಬೀಟಾ ಬರುತ್ತದೆ. ಕನ್ನಡ ಓದಬಲ್ಲ ಕಾಲೇಜು ಹುಡುಗ ಹುಡುಗಿಯರು ಅದನ್ನು ಪೆನ್‌ಡ್ರೈವಿಗೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡದೆಯೇ ತೆರೆದು ನೋಡಬಹುದು. 'ಸೂರ್ಯ' ಮತ್ತು 'ರ‍್ಯಾಂಕ್' ಎರಡನ್ನೂ ಬರೆಯಿರಿ. ಎರಡರಲ್ಲೂ ರಕಾರ ಯಕಾರ ಕೂಡುತ್ತವೆ. ಮೊದಲನೆಯದರಲ್ಲಿ ಅರ್ಕಾವತ್ತು ಬರಬೇಕು, ಎರಡನೆಯದರಲ್ಲಿ ರಕಾರ ಇಡಿಯಾಗಿ ನಿಂತು ಯಕಾರ ಒತ್ತಾಗಬೇಕು. ತಪ್ಪು ಕಂಡರೆ ತೆರೆಯ ಚಿತ್ರ, ಫಾಂಟಿನ ಹೆಸರು, ಆವೃತ್ತಿಯ ಸಂಖ್ಯೆ, ಟೈಪ್ ಮಾಡಿದ ಪದ ಈ ನಾಲ್ಕನ್ನೂ ವರದಿಯಲ್ಲಿ ಕಳಿಸಿ. ಚಿತ್ರವೊಂದನ್ನೇ ಕಳಿಸಿದರೆ ಅದರಿಂದ ಪರೀಕ್ಷೆ ಬರೆಯಲಾಗದು, ಟೈಪ್ ಮಾಡಿದ ಪದವೂ ಬೇಕೇ ಬೇಕು.