ಸಮವಸ್ತ್ರ: ಸಮವೆಷ್ಟು, ವಸ್ತ್ರವೆಷ್ಟು?

ಮೇ ತಿಂಗಳು ನಡುವನ್ನು ದಾಟಿತೆಂದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಒಂದು ಬಗೆಯ ಗಡಿಬಿಡಿ ಆರಂಭವಾಗುತ್ತದೆ. ಕಳೆದ ವರ್ಷದ ಅಂಗಿಯನ್ನು ಹೊರತೆಗೆದು ಹುಡುಗನ ಬೆನ್ನಿಗೆ ಹಿಡಿದು ನೋಡಿದರೆ ಅದು ಹೆಗಲಿಗೇ ಸಾಲದು. ಹುಡುಗಿಯ ಲಂಗದ ಅಂಚನ್ನು ಬಿಚ್ಚಿ ಎರಡು ಅಂಗುಲ ಇಳಿಸೋಣವೆಂದರೆ, ಹಳೆಯ ಮಡಿಕೆಯ ಗೆರೆ ಎಷ್ಟು ಇಸ್ತ್ರಿ ಮಾಡಿದರೂ ಅಳಿಯದೆ, ‘ಇದು ಹೋದ ವರ್ಷದ್ದು’ ಎಂದು ತರಗತಿಗೆಲ್ಲ ಸಾರುತ್ತದೆ. ಮನೆಯ ಯಜಮಾನರು ಶುಲ್ಕದ ಲೆಕ್ಕ, ಪುಸ್ತಕದ ಲೆಕ್ಕ ಬರೆದು ಮುಗಿಸಿ, ಸಮವಸ್ತ್ರದ ಲೆಕ್ಕಕ್ಕೆ ಬಂದಾಗ ಲೇಖನಿಯನ್ನು ಒಂದು ಕ್ಷಣ ತಡೆಯುತ್ತಾರೆ. ಶಾಲೆ ತೆರೆಯುವ ದಿನಕ್ಕೆ ಸರಿಯಾಗಿ ಹೊಲಿದು ಕೊಡುವೆನೆಂದು ಮಾತು ಕೊಟ್ಟ ದರ್ಜಿಗಳಲ್ಲಿ ಆ ಮಾತನ್ನು ಉಳಿಸಿಕೊಂಡವರು ವಿರಳ.

ಇಷ್ಟೆಲ್ಲ ತೊಂದರೆಯನ್ನು ಜನ ಗೊಣಗುತ್ತಲಾದರೂ ಸಹಿಸಿಕೊಂಡು ಬಂದಿರುವುದು ಆ ಪದದೊಳಗೆ ಅಡಗಿರುವ ಒಂದು ಆಶ್ವಾಸನೆಗಾಗಿ. ಇಂಗ್ಲಿಷಿನ ‘ಯೂನಿಫಾರಂ’ ಎಂಬ ಮಾತಿಗೆ ಒಂದೇ ರೂಪ ಎಂಬಷ್ಟೇ ಅರ್ಥ. ಅದನ್ನು ‘ಸಮವಸ್ತ್ರ’ ಎಂದು ಕರೆದಾಗ ಅರ್ಥ ಒಂದು ಮೆಟ್ಟಿಲು ಮೇಲೇರಿತು. ರೂಪದ ಜಾಗದಲ್ಲಿ ಸಮತೆ ಬಂದು ಕುಳಿತಿತು. ಉಡುಗೆ ನೋಡಿ ಮಣೆ ಹಾಕುವ ಸಮಾಜದಲ್ಲಿ ದಿನಕ್ಕೆ ಐದಾರು ಗಂಟೆಯಾದರೂ ವಕೀಲರ ಮಗ, ಕೂಲಿಕಾರನ ಮಗ ಇಬ್ಬರೂ ಒಂದೇ ಬಣ್ಣದ ಅಂಗಿಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತಿರುವುದು ಸಣ್ಣ ಸಂಗತಿಯಲ್ಲ. ಆದರೆ ಒಂದೇ ರೂಪವಿದ್ದಲ್ಲೆಲ್ಲ ಸಮತೆ ತಾನಾಗಿಯೇ ಇರುತ್ತದೆಯೆ?

ಇತಿಹಾಸವನ್ನು ನೋಡಿದರೆ ಶಾಲಾ ಉಡುಪು ಹುಟ್ಟಿದ್ದು ಸಮತೆಗಾಗಿ ಅಲ್ಲವೇ ಅಲ್ಲ. 1552ರಲ್ಲಿ ಇಂಗ್ಲೆಂಡಿನ ದೊರೆ ಆರನೆಯ ಎಡ್ವರ್ಡನ ಕಾಲದಲ್ಲಿ ಲಂಡನ್ನಿನ ಬಡ ಮಕ್ಕಳಿಗಾಗಿ ‘ಕ್ರೈಸ್ಟ್ಸ್ ಹಾಸ್ಪಿಟಲ್’ ಎಂಬ ಶಾಲೆ ಏರ್ಪಟ್ಟಿತು. ಅಲ್ಲಿನ ಮಕ್ಕಳಿಗೆ ಉದ್ದನೆಯ ನೀಲಿ ನಿಲುವಂಗಿ, ಹಳದಿ ಕಾಲುಚೀಲ. ಧರ್ಮಾರ್ಥವಾಗಿ ಬೆಳೆಯುವ ಮಕ್ಕಳು ಇವರು ಎಂದು ಬೀದಿಯಲ್ಲಿ ಹೋಗುವವರಿಗೆ ಗುರುತಾಗುತ್ತಿದ್ದುದು ಆ ಉಡುಪಿನಿಂದಲೇ. ಕವಿ ಕೋಲರಿಜ್, ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಇಬ್ಬರೂ ಆ ನೀಲಿ ಅಂಗಿ ತೊಟ್ಟು ಓದಿದವರು. ಆ ಶಾಲೆಯ ಮಕ್ಕಳು ಇಂದಿಗೂ ಹೆಚ್ಚುಕಡಮೆ ಅದೇ ಉಡುಪನ್ನು ತೊಡುತ್ತಾರೆ. ಆದರೆ ಅದು ಈಗ ಬಡತನದ ಗುರುತಲ್ಲ, ಪ್ರತಿಷ್ಠೆಯ ಗುರುತು. ಬಟ್ಟೆ ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು. ಜಪಾನಿನಲ್ಲಿ ಇದರ ಕೊನೆಯ ತುದಿಯನ್ನೂ ಕಾಣಬಹುದು. ಟೋಕಿಯೋ ನಗರದ ಗಿಂಜಾ ಬಡಾವಣೆಯ ಒಂದು ಸಾರ್ವಜನಿಕ ಪ್ರಾಥಮಿಕ ಶಾಲೆ 2018ರಲ್ಲಿ ಇಟಲಿಯ ಅರ್ಮಾನಿ ಸಂಸ್ಥೆ ರೂಪಿಸಿದ ಉಡುಪನ್ನು ತಂದಿತು. ಎಲ್ಲ ಬಿಡಿ ಉಡುಪುಗಳೂ ಸೇರಿ ಬೆಲೆ ಸುಮಾರು 80,000 ಯೆನ್. ಆ ಸುದ್ದಿ ಜಪಾನಿನ ಸಂಸತ್ತಿನವರೆಗೂ ಹೋಯಿತು.

ಇರಲಿ, ದೂರದ ಗಿಂಜಾದ ಮಾತು ಹೇಗಾದರೂ ಇರಲಿ. ಬಡವರ ಮಕ್ಕಳಿಗೆ ಸಮವಸ್ತ್ರದಿಂದ ಆಗುವ ಉಪಕಾರ ಕಣ್ಣಿಗೆ ಕಾಣುವಂಥದು. ಆಫ್ರಿಕದ ಕೀನ್ಯಾದಲ್ಲಿ 2003ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದಾಯಿತು, ಆದರೆ ಸಮವಸ್ತ್ರವನ್ನು ಕೊಳ್ಳುವ ಹೊರೆ ತಂದೆತಾಯಿಗಳ ಮೇಲೆ ಉಳಿಯಿತು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಮೈಕೇಲ್ ಕ್ರೆಮರ್ ಹಾಗೂ ಅವರ ಸಂಗಡಿಗರು ಅಲ್ಲಿನ ಶಾಲೆಗಳಲ್ಲಿ ಚೀಟಿ ಎತ್ತಿ, ಹೆಸರು ಬಂದ ಮಕ್ಕಳಿಗೆ ಉಚಿತ ಉಡುಪು ಕೊಟ್ಟ ಒಂದು ಯೋಜನೆಯನ್ನು ಪರಿಶೀಲಿಸಿದರು. ಉಡುಪು ದೊರೆತ ಮಕ್ಕಳ ಗೈರುಹಾಜರಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇಳಿಯಿತು; ಮೊದಲು ಸಮವಸ್ತ್ರವೇ ಇಲ್ಲದಿದ್ದವರಲ್ಲಿ ಇನ್ನೂ ಹೆಚ್ಚು. ಹಲವು ವರ್ಷಗಳ ಮೇಲೆ ಮತ್ತೆ ವಿಚಾರಿಸಿದಾಗ ಅದರ ಪ್ರಭಾವ ಉಳಿದಿರಲಿಲ್ಲವೆಂಬುದನ್ನೂ ಅವರೇ ಹೇಳಿದರು. ಇದರಿಂದ ಒಂದು ಮಾತು ಸ್ಪಷ್ಟ. ಮಗು ಶಾಲೆಗೆ ಹೋಗದಿರುವುದಕ್ಕೆ ಎಷ್ಟೋ ಸಲ ಓದಿನ ಬೇಸರ ಕಾರಣವಲ್ಲ, ಅಂಗಿಯ ನಾಚಿಕೆ ಕಾರಣ.

ಕರ್ನಾಟಕದಲ್ಲಿ ಸರಕಾರಿ ಶಾಲೆಯ ಮಕ್ಕಳಿಗೆ ‘ವಿದ್ಯಾ ವಿಕಾಸ’ ಯೋಜನೆಯಲ್ಲಿ ಪಠ್ಯಪುಸ್ತಕದೊಡನೆ ಸಮವಸ್ತ್ರವೂ ಉಚಿತ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ ಎರಡು ಜೊತೆಗೆಂದು ಮಗುವೊಂದಕ್ಕೆ 600 ರೂಪಾಯಿಯ ಲೆಕ್ಕವಿದೆ. ಎರಡು ಜೊತೆ ಏಕೆ ಎಂಬುದನ್ನು ತಿಳಿಯಬೇಕಾದರೆ ಆಷಾಢದಲ್ಲಿ ಆಗುಂಬೆಯ ಕಡೆಗೋ ತೀರ್ಥಹಳ್ಳಿಯ ಕಡೆಗೋ ಹೋಗಬೇಕು. ಅಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿದು ಕುಡಿದು ಬಿಳಿಯ ಅಂಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಇರುವುದು ಒಂದೇ ಜೊತೆಯಾದರೆ ಮಗು ಒದ್ದೆ ಬಟ್ಟೆಯಲ್ಲಿ ಪಾಠ ಕೇಳಬೇಕು, ಇಲ್ಲವೆ ಮನೆಯಲ್ಲಿ ಕೂರಬೇಕು. ಬಯಲುಸೀಮೆಯ ಧೂಳಿನಲ್ಲಿ ಒಣಗುವ ಚಿಂತೆಯಿಲ್ಲ, ಆದರೆ ದಿನ ಬಿಟ್ಟು ದಿನ ಒಗೆಯದೆ ಗತಿಯಿಲ್ಲ. ಆದರೂ ಈ ಎರಡನೆಯ ಜೊತೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಕೊಪ್ಪಳ ಜಿಲ್ಲೆಯ ಸರಕಾರಿ ಶಾಲೆಯ ಬಾಲಕನೊಬ್ಬನ ಹೆಸರಿನಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠ 2019ರಲ್ಲಿ, ಎರಡನೆಯ ಜೊತೆಯನ್ನೂ ಪಾದರಕ್ಷೆಯನ್ನೂ ಕೊಡಬೇಕೆಂದು ಆದೇಶಿಸಿತು. ಆದೇಶ ಜಾರಿಗೆ ಬರದ ಕಾರಣ ನ್ಯಾಯಾಂಗ ನಿಂದನೆಯ ಅರ್ಜಿ ಬಂದು, 2023ರಲ್ಲಿ ನ್ಯಾಯಾಲಯ ಸರಕಾರವನ್ನು ಕಟುವಾಗಿಯೇ ತರಾಟೆಗೆ ತೆಗೆದುಕೊಂಡಿತು. ಒಂದು ಚಡ್ಡಿ, ಒಂದು ಅಂಗಿಗೆ ನಾಲ್ಕು ವರ್ಷ! ಅಷ್ಟರಲ್ಲಿ ಹುಡುಗನ ಅಳತೆಯೇ ಬದಲಾಗಿರುತ್ತದೆ.

ಇನ್ನು ನಗರಗಳ ಖಾಸಗಿ ಶಾಲೆಗಳ ವಿಚಾರ. ಇಲ್ಲಿ ತೊಡಕು ಬೇರೆ ಬಗೆಯದು. ವಾರದಲ್ಲಿ ನಾಲ್ಕು ದಿನಕ್ಕೆ ಒಂದು ಉಡುಪು, ಒಂದು ದಿನಕ್ಕೆ ವ್ಯಾಯಾಮದ ಬಿಳಿಯ ಉಡುಪು, ಇನ್ನೊಂದು ದಿನಕ್ಕೆ ‘ಹೌಸ್’ ಬಣ್ಣದ ಬನಿಯನು. ಅದಕ್ಕೆ ತಕ್ಕಂತೆ ಕಪ್ಪು ಬೂಟು ಒಂದು ಜೊತೆ, ಬಿಳಿಯ ಕ್ಯಾನ್ವಾಸ್ ಬೂಟು ಒಂದು ಜೊತೆ. ಮೇಲೆ ಟೈ, ಬೆಲ್ಟು, ಬಿಲ್ಲೆ. ಸೊಲ್ಲಾಪುರದಲ್ಲಿ ಸಗಟಾಗಿ ತಯಾರಾಗುವ ಅಂಗಿ, ಭಿಲ್ವಾಡದ ಗಿರಣಿಗಳ ಬಟ್ಟೆ ಎಲ್ಲ ಪೇಟೆಗಳಿಗೂ ಬರುತ್ತದೆ. ಅದೇ ಬಟ್ಟೆಗೆ ಶಾಲೆಯ ಲಾಂಛನವೊಂದು ಸೇರಿತೆಂದರೆ ಅದು ಒಂದೇ ಅಂಗಡಿಯಲ್ಲಿ, ಒಂದೇ ಬೆಲೆಗೆ ಸಿಗುವ ವಸ್ತುವಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಚೌಕಳಿಯ ಬಣ್ಣವನ್ನು ತುಸು ಬದಲಿಸಿಬಿಟ್ಟರೆ ಅಕ್ಕನ ಲಂಗ ತಂಗಿಗೆ ಬಾರದು. ಅಣ್ಣನ ಅಂಗಿ ತಮ್ಮನಿಗೆ ಇಳಿದು ಬರುವ ಪದ್ಧತಿಯಿಂದಲೇ ತಿಂಗಳ ಸಂಬಳದ ಸಂಸಾರಗಳು ದಡ ಸೇರಿದುವೆಂಬುದನ್ನು ಬಲ್ಲವರಿಗೆ ಈ ಬದಲಾವಣೆಯ ಬಿಸಿ ಗೊತ್ತು.

ಆಶ್ಚರ್ಯವೆಂದರೆ ಇದಕ್ಕೆಲ್ಲ ಕಾನೂನಿನಲ್ಲಿ ಮದ್ದು ಇದ್ದೇ ಇದೆ. 1983ರ ಕರ್ನಾಟಕ ಶಿಕ್ಷಣ ಕಾಯಿದೆಯ ಅಡಿಯಲ್ಲಿ 1995ರಲ್ಲಿ ರಚಿತವಾದ ನಿಯಮಗಳಲ್ಲಿ ಹನ್ನೊಂದನೆಯದು ಸಮವಸ್ತ್ರಕ್ಕೆ ಸಂಬಂಧಿಸಿದ್ದು. ಶಾಲೆ ಒಮ್ಮೆ ಗೊತ್ತುಪಡಿಸಿದ ಉಡುಪನ್ನು ಐದು ವರ್ಷ ಬದಲಾಯಿಸಕೂಡದು. ಬದಲಾಯಿಸುವುದಾದರೆ ಒಂದು ವರ್ಷ ಮುಂಚಿತವಾಗಿ ಪೋಷಕರಿಗೆ ತಿಳಿಸಬೇಕು. ಶಾಲೆಯಲ್ಲಿಯೇ, ಅದು ತೋರಿಸಿದ ಅಂಗಡಿಯಲ್ಲಿಯೇ ಕೊಳ್ಳಬೇಕೆಂದಾಗಲಿ, ಅದು ಹೇಳಿದ ದರ್ಜಿಯಲ್ಲಿಯೇ ಹೊಲಿಸಬೇಕೆಂದಾಗಲಿ ಬಲವಂತ ಮಾಡಕೂಡದು. ಇಷ್ಟು ಸ್ಪಷ್ಟವಾದ ನಿಯಮವನ್ನು ಎಷ್ಟು ಮಂದಿ ಪೋಷಕರು ಕೇಳಿದ್ದಾರೆ? ಕೇಳಿದವರೂ ಮಗುವಿನ ಮೇಲೆ ಮುನಿಸು ಬಿದ್ದೀತೆಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಅದರಲ್ಲಿ ಅವರ ತಪ್ಪೂ ಇಲ್ಲ.

ಹವೆಯ ಪ್ರಶ್ನೆಯೂ ಇದೆ. ಕತ್ತಿಗೆ ಬಿಗಿದ ಟೈ, ಮೊಣಕಾಲಿನವರೆಗಿನ ಕಾಲುಚೀಲ ಇವು ಶೀತದೇಶದಿಂದ ಬಂದವು. ಬೆಂಗಳೂರಿನ ಹವೆಯಲ್ಲಿ ಹೇಗೋ ನಡೆದೀತು. ರಾಯಚೂರಿನ ಮಾರ್ಚಿಯಲ್ಲಿ ಅದೇ ವೇಷ ಶಿಕ್ಷೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಬೇಗ ಒಣಗುತ್ತದೆ, ಬಹುಕಾಲ ಬಾಳುತ್ತದೆ, ಆದರೆ ಬೆವರನ್ನು ಹೀರದು. ಹತ್ತಿಯದು ತಂಪು, ಆದರೆ ಬೇಗ ಮಾಸುತ್ತದೆ, ಮುದುಡುತ್ತದೆ. ಮಲೆನಾಡಿಗೆ ಒಂದು, ಬಯಲುನಾಡಿಗೆ ಒಂದು ಎಂದು ವಿವೇಚಿಸಿ ಬಟ್ಟೆಯನ್ನು ಆರಿಸುವುದು ಕಷ್ಟದ ಕೆಲಸವೇನಲ್ಲ.

ಸಮವಸ್ತ್ರದಿಂದ ಶಿಸ್ತು ಬರುತ್ತದೆಂಬ ವಾದ ಬಹಳ ಪ್ರಚಲಿತ. ಅಮೆರಿಕದ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ನಗರದ ಶಾಲೆಗಳಲ್ಲಿ 1994ರಲ್ಲಿ ಸಮವಸ್ತ್ರ ಕಡ್ಡಾಯವಾಯಿತು. ಶಾಲೆಗಳಲ್ಲಿ ಹೊಡೆದಾಟ ತಗ್ಗಿತೆಂಬ ವರದಿ ಬಂದಿತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಕಾಂಗ್ರೆಸ್ಸಿನ ಮುಂದೆ ಮಾಡಿದ ವಾರ್ಷಿಕ ಭಾಷಣದಲ್ಲಿ ಸಮವಸ್ತ್ರವನ್ನು ಸಮರ್ಥಿಸಿದರು. ಆದರೆ 1998ರಲ್ಲಿ ಬ್ರುನ್ಸ್‌ಮಾ, ರಾಕ್‌ಕ್ವಿಮೋರ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಆ ದೇಶದ ಹತ್ತನೆಯ ತರಗತಿಯ ಮಕ್ಕಳ ಅಂಕಿ ಅಂಶಗಳನ್ನು ಶೋಧಿಸಿ ನೋಡಿದಾಗ ನಡತೆಯಲ್ಲಾಗಲಿ ಹಾಜರಿಯಲ್ಲಾಗಲಿ ಸಮವಸ್ತ್ರದಿಂದ ನೇರವಾದ ಪ್ರಯೋಜನ ಕಾಣಲಿಲ್ಲ. ಉಪಾಧ್ಯಾಯರಿಗೆ ಇದು ಹೊಸ ವಿಷಯವೇನೂ ಅಲ್ಲ. ಒಂದೇ ಬಣ್ಣದ ಅಂಗಿ ತೊಟ್ಟ ನಲವತ್ತು ಹುಡುಗರಲ್ಲಿ ನಲವತ್ತು ಬಗೆಯ ತುಂಟತನಗಳಿರುತ್ತವೆ. ಮಕ್ಕಳನ್ನು ಊರೂರಿಗೆ ಪ್ರವಾಸ ಕರೆದುಕೊಂಡು ಹೋದಾಗ ಗುರುತು ಹಿಡಿಯಲು, ಶಾಲೆಯ ಅಂಗಳಕ್ಕೆ ಬಂದ ಅಪರಿಚಿತರನ್ನು ಬೇರ್ಪಡಿಸಲು ಅದು ಉಪಯುಕ್ತ. ಅದಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದ ಮಾತು ಇನ್ನೊಂದಿದೆ. ಒಂದೇ ಉಡುಪೆಂದರೆ ಎಷ್ಟರ ಮಟ್ಟಿಗೆ ಒಂದೇ? ಬ್ರಿಟನ್ನಿನ ಶಾಲೆಯೊಂದು ಪೇಟ ಸುತ್ತಿದ ಸಿಖ್ ಬಾಲಕನನ್ನು ಸೇರಿಸಿಕೊಳ್ಳಲು ನಿರಾಕರಿಸಿದಾಗ, 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ಬಾಲಕನ ಪರವಾಗಿ ತೀರ್ಪು ನೀಡಿತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಶಿರವಸ್ತ್ರದ ವಿವಾದದಲ್ಲಿ 2022ರ ಮಾರ್ಚಿ 15ರಂದು ಉಚ್ಚ ನ್ಯಾಯಾಲಯ ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪನ್ನು ಕೊಟ್ಟರು. ಪಂಡಿತರಾದ ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬಾರದ ಪ್ರಶ್ನೆಯನ್ನು ಶಾಲೆಯ ಬಾಗಿಲಲ್ಲಿ, ಪರೀಕ್ಷೆಯ ಮುನ್ನಾದಿನಗಳಲ್ಲಿ, ಹುಡುಗಿಯರು ಎದುರಿಸಬೇಕಾಯಿತಲ್ಲ ಎಂಬುದು ವ್ಯಥೆಯ ಸಂಗತಿ. ಯಾವ ಪಕ್ಷದವರಾದರೂ ಸರಿ, ತರಗತಿಯ ಹೊರಗೆ ಉಳಿದ ಮಗುವಿನ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಇತ್ತ ಕೇರಳದ ಎರ್ನಾಕುಲಂ ಜಿಲ್ಲೆಯ ವಳಯಂಚಿರಂಗರದ ಸರಕಾರಿ ಪ್ರಾಥಮಿಕ ಶಾಲೆ 2018ರಲ್ಲಿ ಗಂಡು ಹೆಣ್ಣು ಮಕ್ಕಳಿಬ್ಬರಿಗೂ ಮೊಣಕಾಲಿನ ಕೆಳಗಿನವರೆಗಿನ ಚಡ್ಡಿ ಮತ್ತು ಅಂಗಿಯನ್ನು ಗೊತ್ತುಮಾಡಿತು. ಓಡಲು, ಜಿಗಿಯಲು ಲಂಗದ ಅಡ್ಡಿ ಇಲ್ಲವಾಯಿತು.

ಸಮವಸ್ತ್ರದ ಗುಣವನ್ನು ಅದಿಲ್ಲದ ದಿನದಂದು ನೋಡಬೇಕು. ಹುಟ್ಟುಹಬ್ಬದ ದಿನ ಮಗು ಬಣ್ಣದ ಬಟ್ಟೆ ತೊಟ್ಟು ಬರಬಹುದೆಂಬ ವಾಡಿಕೆ ಎಷ್ಟೋ ಶಾಲೆಗಳಲ್ಲಿದೆ. ಒಬ್ಬಳು ಜರಿಯ ಲಂಗ ತೊಟ್ಟು ಡಬ್ಬಿ ತುಂಬ ಚಾಕಲೇಟು ಹಂಚುತ್ತಾಳೆ; ಇನ್ನೊಬ್ಬಳು ತನ್ನ ಹುಟ್ಟುಹಬ್ಬವನ್ನು ಯಾರಿಗೂ ತಿಳಿಸದೆ ಎಂದಿನ ನೀಲಿ ಉಡುಪಿನಲ್ಲಿಯೇ ಬಂದು ಕುಳಿತಿರುತ್ತಾಳೆ. ಆ ದಿನ ಅವಳ ಮರ್ಯಾದೆಯನ್ನು ಕಾಯುವುದು ಆ ಮಾಸಿದ ನೀಲಿ ಬಟ್ಟೆಯೇ.

ಆ ಬಟ್ಟೆ ಅವಳ ಕೈಗೆಟುಕುವಂತಿರಬೇಕು. ಬ್ರಿಟನ್ನು 2021ರಲ್ಲಿ ಸಮವಸ್ತ್ರದ ವೆಚ್ಚವನ್ನು ಕುರಿತೇ ಒಂದು ಶಾಸನ ಮಾಡಿತು. ಬಳಸಿದ ಉಡುಪುಗಳು ಸುಲಭವಾಗಿ ಮರುದೊರೆಯುವಂತೆ ಶಾಲೆಗಳು ನೋಡಿಕೊಳ್ಳಬೇಕೆಂಬ ಸೂಚನೆ ಅದರ ಅಡಿಯಲ್ಲಿ ಹೊರಟಿತು. ಇಲ್ಲಿ ಅದಕ್ಕೆ ಶಾಸನ ಬೇಕಾಗಿಲ್ಲ. ಶಾಲೆಯ ಒಂದು ಮೂಲೆಯಲ್ಲಿ ಒಂದು ಕಪಾಟು ಸಾಕು. ಏಪ್ರಿಲಿನಲ್ಲಿ ಬೆಳೆದ ಮಕ್ಕಳ ಅಂಗಿಗಳನ್ನು ಒಗೆದು, ಗುಂಡಿ ಹಾಕಿ ತಾಯಂದಿರು ಅಲ್ಲಿ ಇಟ್ಟರೆ, ಜೂನಿನಲ್ಲಿ ಬೇಕಾದವರು ಕೊಂಡೊಯ್ಯಬಹುದು. ಯಾರ ಅಂಗಿ ಯಾರಿಗೆ ಹೋಯಿತೆಂದು ಹೆಸರು ಬರೆದಿಡುವ ಪುಸ್ತಕವೊಂದು ಮಾತ್ರ ಅಲ್ಲಿ ಇರಬಾರದು.