ಕನಸಿನ ನಿದ್ರೆಯ ಅಗುಳಿ ತೆಗೆಯುವ ಕೋಶಗಳು

ರಾತ್ರಿಯ ನಿದ್ರೆ ಮೊದಲಿನಿಂದ ಕೊನೆಯವರೆಗೆ ಒಂದೇ ಹದದಲ್ಲಿ ಸಾಗುವುದಿಲ್ಲ. ನಿಧಾನವಾದ ವಿದ್ಯುತ್ ಅಲೆಗಳ ಆಳ ನಿದ್ರೆಯ ನಡುನಡುವೆ, ವಯಸ್ಕರಲ್ಲಿ ಸುಮಾರು 90 ನಿಮಿಷಗಳಿಗೊಮ್ಮೆ, ಮತ್ತೊಂದು ಬಗೆಯ ನಿದ್ರೆ ಬಂದುಹೋಗುತ್ತದೆ. ಆಗ ಮುಚ್ಚಿದ ರೆಪ್ಪೆಗಳ ಒಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಅತ್ತಿತ್ತ ಹೊರಳುತ್ತವೆ, ಉಸಿರಾಟ ಮತ್ತು ಹೃದಯಬಡಿತ ಏರುಪೇರಾಗುತ್ತವೆ, ಮಿದುಳಿನ ವಿದ್ಯುತ್ ಚಟುವಟಿಕೆ ಎಚ್ಚರದ ಹೊತ್ತಿನದನ್ನೇ ಹೋಲತೊಡಗುತ್ತದೆ. ಕೈಕಾಲು, ಕತ್ತಿನ ಸ್ನಾಯುಗಳು ಮಾತ್ರ ಬಿಗಿಯೆಲ್ಲ ಕಳೆದುಕೊಂಡು ಸಡಿಲವಾಗಿರುತ್ತವೆ. ಕಣ್ಣಿನ ಈ ಚಲನೆಯಿಂದಾಗಿಯೇ ಇದಕ್ಕೆ ‘ರಾಪಿಡ್ ಐ ಮೂವ್‌ಮೆಂಟ್’ ನಿದ್ರೆ, ಚಿಕ್ಕದಾಗಿ ‘ರೆಮ್’ ನಿದ್ರೆ ಎಂಬ ಹೆಸರು ಬಂದಿದೆ. ವಯಸ್ಕರ ನಿದ್ರೆಯಲ್ಲಿ ಇದರ ಪಾಲು ಶೇಕಡಾ 20ರಿಂದ 25, ನವಜಾತ ಶಿಶುವಿನಲ್ಲಿ ಸರಿಸುಮಾರು ಅರ್ಧ. ಕಥೆಯಂತೆ ಬೆಳೆಯುವ, ಬಣ್ಣ ಕಟ್ಟಿದ ಕನಸುಗಳು ಹೆಚ್ಚಾಗಿ ಬೀಳುವುದು ಈ ಹೊತ್ತಿನಲ್ಲೇ.

ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನೇಥನಿಯಲ್ ಕ್ಲೈಟ್‌ಮನ್ ಈ ಕಣ್ಣಿನ ಚಲನೆಗಳನ್ನು 1953ರಲ್ಲಿ ವರದಿ ಮಾಡಿದರು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಲಿಯಾನ್ ನಗರದ ಮಿಷೆಲ್ ಜುವೆ, ಎಚ್ಚರದ ಮಿದುಳೂ ನಿದ್ರಿಸುವ ದೇಹವೂ ಒಂದೆಡೆ ಕೂಡಿದ ಈ ಸ್ಥಿತಿಯನ್ನು ‘ವಿರೋಧಾಭಾಸದ ನಿದ್ರೆ’ ಎಂದು ಕರೆದರು. ಕಣ್ಣಿನ ಓಡಾಟ ಇಲ್ಲಿ ಹೊರಗಿನ ಗುರುತು ಮಾತ್ರವಾದುದರಿಂದ, ಎರಡು ಹೆಸರುಗಳಲ್ಲಿ ಜುವೆ ಇಟ್ಟ ಹೆಸರೇ ವಿಷಯಕ್ಕೆ ಹೆಚ್ಚು ಹತ್ತಿರ. ಬೆಕ್ಕುಗಳ ಮಿದುಳನ್ನು ಬೇರೆಬೇರೆ ಮಟ್ಟಗಳಲ್ಲಿ ಕತ್ತರಿಸಿ ನೋಡಿದ ಜುವೆ, ಮೇಲಿನ ದೊಡ್ಡ ಮಿದುಳಿನೊಂದಿಗಿನ ಸಂಪರ್ಕ ಕಡಿದುಹೋದ ಮೇಲೂ ಸ್ನಾಯುಗಳ ಸಡಿಲಿಕೆ ಮತ್ತು ಕಣ್ಣಿನ ಚಲನೆ ಆಗಾಗ ಮರಳಿ ಬರುವುದನ್ನು ಕಂಡರು. ಕನಸಿನ ನಿದ್ರೆಯನ್ನು ಹುಟ್ಟಿಸುವ ಮೂಲ ಯಂತ್ರ ಆಲೋಚನೆ, ನೆನಪುಗಳ ನೆಲೆಯಾದ ದೊಡ್ಡ ಮಿದುಳಿನಲ್ಲಿಲ್ಲ, ಬೆನ್ನುಹುರಿಯ ಮೇಲ್ತುದಿಗೆ ಸೇರಿಕೊಂಡಿರುವ ಮಿದುಳುಕಾಂಡದಲ್ಲಿ, ಅದರಲ್ಲೂ ಪಾನ್ಸ್ ಎಂಬ ಉಬ್ಬಿದ ಭಾಗದಲ್ಲಿ ಇದೆ ಎಂಬುದು ಇದರಿಂದ ಖಚಿತವಾಯಿತು.

ನರಕೋಶಗಳು ಒಂದರೊಡನೊಂದು ವ್ಯವಹರಿಸುವುದು ನರವಾಹಕಗಳೆಂಬ ರಾಸಾಯನಿಕಗಳ ಮೂಲಕ. ಪಾನ್ಸ್‌ನಲ್ಲಿರುವ, ಲ್ಯಾಟಿನ್ ಭಾಷೆಯಲ್ಲಿ ‘ನೀಲಿ ತಾಣ’ ಎಂದು ಅರ್ಥ ಬರುವ ಲೋಕಸ್ ಸೆರೂಲಿಯಸ್ ಎಂಬ ಸಣ್ಣ ಗುಂಪಿನ ಕೋಶಗಳು ನಾರ್‌ಅಡ್ರಿನಲಿನ್ ಅನ್ನೂ, ನಡುಗೆರೆಯ ಉದ್ದಕ್ಕೆ ಹರಡಿರುವ ರಾಫೆ ಗುಂಪಿನ ಕೋಶಗಳು ಸೆರೊಟೋನಿನ್ ಅನ್ನೂ ಸ್ರವಿಸುತ್ತವೆ. ಇವು ಎಚ್ಚರದಲ್ಲಿ ಬಿಡದೆ ಮಿಡಿಯುತ್ತವೆ, ಆಳ ನಿದ್ರೆಯಲ್ಲಿ ನಿಧಾನವಾಗುತ್ತವೆ, ರೆಮ್ ನಿದ್ರೆಯಲ್ಲಿ ಬಹುಮಟ್ಟಿಗೆ ನಿಂತೇಹೋಗುತ್ತವೆ. ಇವುಗಳಿಗೆ ಎದುರಾಗಿ, ಪಾನ್ಸ್‌ನ ಮೇಲ್ಭಾಗದಲ್ಲಿ ಅಸಿಟೈಲ್‌ಕೋಲಿನ್ ಸ್ರವಿಸುವ ಕೋಶಗಳಲ್ಲಿ ಹಲವು ಇದೇ ಹೊತ್ತಿಗೆ ಚುರುಕಾಗುತ್ತವೆ. ಹಾರ್ವರ್ಡ್‌ನ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ 1975ರಲ್ಲಿ, ಒಂದು ಪಕ್ಷ ಏರಿದಾಗ ಇನ್ನೊಂದು ಇಳಿಯುವ ಈ ಆಟವನ್ನು, ಕಾಡಿನಲ್ಲಿ ಬೇಟೆಯ ಪ್ರಾಣಿ ಮತ್ತು ಬೇಟೆಗಾರ ಪ್ರಾಣಿಗಳ ಸಂಖ್ಯೆ ಸರದಿಯಂತೆ ಏರಿಳಿಯುವುದನ್ನು ಲೆಕ್ಕ ಹಾಕುವ ಗಣಿತ ಸಮೀಕರಣಗಳಲ್ಲೇ ಬರೆದು ತೋರಿಸಿದರು. ಅಸಿಟೈಲ್‌ಕೋಲಿನ್‌ನಂತೆಯೇ ವರ್ತಿಸುವ ಕಾರ್ಬಕಾಲ್ ಎಂಬ ವಸ್ತುವನ್ನು ಬೆಕ್ಕಿನ ಪಾನ್ಸ್‌ನ ಗೊತ್ತಾದ ಜಾಗಕ್ಕೆ ಚುಚ್ಚಿದರೆ ರೆಮ್ ನಿದ್ರೆಯಂಥದೇ ಸ್ಥಿತಿ ಉಂಟಾಗುತ್ತಿದ್ದುದರಿಂದ ಈ ವಿವರಣೆ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು.

ಆದರೆ ಅಚ್ಚುಕಟ್ಟಾದ ವಿವರಣೆಗಳ ಬಗ್ಗೆ ಮಿದುಳಿಗೆ ಅಷ್ಟೇನೂ ಗೌರವವಿಲ್ಲ. ಬಾಸ್ಟನ್ನಿನಲ್ಲಿ ಕ್ಲಿಫರ್ಡ್ ಸೇಪರ್ ಅವರ ತಂಡ ಇಲಿಗಳಲ್ಲಿ ಅಸಿಟೈಲ್‌ಕೋಲಿನ್, ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್ ಕೋಶಗಳನ್ನು ನಾಶಮಾಡಿ ನೋಡಿದಾಗ ರೆಮ್ ನಿದ್ರೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. 2006ರಲ್ಲಿ ಆ ತಂಡ ಮುಂದಿಟ್ಟ ಚಿತ್ರದಲ್ಲಿ ಮುಖ್ಯ ಪಾತ್ರಧಾರಿಗಳೇ ಬೇರೆ: ಪಾನ್ಸ್ ಮತ್ತು ಅದರ ಮೇಲಿನ ನಡುಮಿದುಳಿನ ಸಂಧಿಯಲ್ಲಿ ರೆಮ್ ನಿದ್ರೆಯನ್ನು ತಡೆದು ನಿಲ್ಲಿಸುವ ಒಂದು ಗುಂಪು, ಅದರ ಕೆಳಗೆ ಪಾನ್ಸ್‌ನಲ್ಲಿ ರೆಮ್ ನಿದ್ರೆಯನ್ನು ತರುವ ಇನ್ನೊಂದು ಗುಂಪು. ಎರಡೂ ಗುಂಪುಗಳಲ್ಲಿ ಗಾಬಾ ಎಂಬ, ಎದುರಿನ ಕೋಶವನ್ನು ಸುಮ್ಮನಿರಿಸುವ ನರವಾಹಕವನ್ನು ಸ್ರವಿಸುವ ಕೋಶಗಳಿದ್ದು, ಪರಸ್ಪರ ಬಾಯಿ ಮುಚ್ಚಿಸುತ್ತವೆ. ಯಾವುದಾದರೂ ಒಂದು ಸ್ವಲ್ಪ ಸೋತರೂ ಸಾಕು, ಅದರ ಹಿಡಿತದಿಂದ ಬಿಡಿಸಿಕೊಂಡ ಎದುರಾಳಿ ಅದನ್ನು ಇನ್ನಷ್ಟು ಒತ್ತುವುದರಿಂದ ವ್ಯವಸ್ಥೆ ನಡುವೆ ಎಲ್ಲೂ ನಿಲ್ಲದೆ ಒಂದು ಬದಿಗೆ ವಾಲಿಬಿಡುತ್ತದೆ. ಮನೆಯ ದೀಪದ ಸ್ವಿಚ್ಚು ಅರ್ಧದಲ್ಲಿ ನಿಲ್ಲದಿರುವುದೂ ಹೀಗೆಯೇ. ಹಳೆಯ ನರವಾಹಕಗಳು ಈ ಸ್ವಿಚ್ಚನ್ನು ಹೊರಗಿನಿಂದ ಅತ್ತಲೋ ಇತ್ತಲೋ ತಳ್ಳುವ ಬೆರಳುಗಳ ಸ್ಥಾನಕ್ಕೆ ಇಳಿದವು. ಹಾಗೆಂದು ಅಸಿಟೈಲ್‌ಕೋಲಿನ್‌ನ ಕಥೆ ಮುಗಿಯಲಿಲ್ಲ: ಅದರ ಸಂಕೇತವನ್ನು ಗ್ರಹಿಸುವ ಎರಡು ಬಗೆಯ ಗ್ರಾಹಕಗಳ ಜೀನ್‌ಗಳನ್ನು ಒಟ್ಟಿಗೆ ತೆಗೆದುಹಾಕಿದ ಸುಂಡಿಲಿಗಳಲ್ಲಿ ರೆಮ್ ನಿದ್ರೆ ಬಹುತೇಕ ಇಲ್ಲವಾಗುತ್ತದೆಂದು 2018ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಸ್ರವಿಸುವ ಕೋಶಗಳನ್ನು ಕೊಂದರೂ ಉಳಿಯುವ ನಿದ್ರೆ, ಸಂಕೇತ ಕೇಳುವ ಕಿವಿಗಳನ್ನು ಮುಚ್ಚಿದಾಗ ಅಳಿದುಹೋಗುವುದು ಈ ಕ್ಷೇತ್ರದ ಸ್ವಾರಸ್ಯಕರ ತೊಡಕುಗಳಲ್ಲೊಂದು.

ಕನಸು ಕಾಣುವ ದೇಹ ಹಾಸಿಗೆಯಲ್ಲೇ ಉಳಿಯುವುದೂ ಕೋಶಗಳ ಕೆಲಸವೇ. ರೆಮ್ ನಿದ್ರೆಯನ್ನು ತರುವ ಗುಂಪಿನಲ್ಲಿ ಗ್ಲುಟಮೇಟ್ ಎಂಬ ಉದ್ದೀಪಕ ನರವಾಹಕವನ್ನು ಬಳಸುವ ಕೋಶಗಳೂ ಇವೆ. ಇವುಗಳ ಸಂಕೇತ ಕೆಳಗಿಳಿದು, ಮಿದುಳುಕಾಂಡದ ಕೆಳತುದಿಯಾದ ಮೆಡುಲ್ಲಾ ಮತ್ತು ಬೆನ್ನುಹುರಿಯ ಪ್ರತಿಬಂಧಕ ಕೋಶಗಳನ್ನು ಎಚ್ಚರಿಸುತ್ತದೆ, ಅವು ಗ್ಲೈಸೀನ್ ಮತ್ತು ಗಾಬಾ ಸ್ರವಿಸಿ ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳನ್ನು ಕಟ್ಟಿಹಾಕುತ್ತವೆ. ಉಸಿರಾಟದ ವಪೆ ಮತ್ತು ಕಣ್ಣಿನ ಸ್ನಾಯುಗಳಿಗೆ ಮಾತ್ರ ಈ ಕಟ್ಟು ಬಿಗಿಯುವುದಿಲ್ಲ. ಪಾನ್ಸ್‌ನ ಈ ಜಾಗಕ್ಕೆ ಗಾಯವಾದ ಜುವೆಯ ಬೆಕ್ಕುಗಳು ನಿದ್ರೆಯಲ್ಲೇ ಎದ್ದು, ಕಾಣದ ಬೇಟೆಯ ಮೇಲೆ ಎರಗುತ್ತಿದ್ದವು. ಮನುಷ್ಯರಲ್ಲಿ ಇದೇ ಬಗೆಯ ತೊಂದರೆಯನ್ನು, ಅಂದರೆ ಕನಸಿನ ಜಗಳಕ್ಕೆ ತಕ್ಕಂತೆ ನಿದ್ರೆಯಲ್ಲೇ ಗುದ್ದುವುದು, ಒದೆಯುವುದು, ಕೂಗುವುದನ್ನು, ಅಮೆರಿಕದ ಕಾರ್ಲೋಸ್ ಷೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ 1986ರಲ್ಲಿ ಒಂದು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. ನಡುವಯಸ್ಸು ದಾಟಿದವರಲ್ಲಿ ಬೇರೆ ಕಾರಣವಿಲ್ಲದೆ ಕಾಣಿಸಿಕೊಳ್ಳುವ ಈ ತೊಂದರೆ ಮುಂದೆ ಹಲವರಲ್ಲಿ ಪಾರ್ಕಿನ್‌ಸನ್ ಕಾಯಿಲೆಗೆ ಅಥವಾ ಅದರ ಸಮೀಪದ ಮರೆವಿನ ಕಾಯಿಲೆಗೆ ತಿರುಗುತ್ತದೆ. ಆದ್ದರಿಂದ ಮನೆಯವರು ಇದನ್ನು ನಗೆಯ ಸಂಗತಿಯೆಂದು ತಳ್ಳಿಹಾಕದೆ ನರರೋಗ ತಜ್ಞರಿಗೆ ತೋರಿಸುವುದು ಒಳ್ಳೆಯದು.

ತಪ್ಪು ಇನ್ನೊಂದು ದಿಕ್ಕಿನಲ್ಲೂ ನಡೆಯಬಹುದು. ಹೈಪೋಥಲಾಮಸ್ ಎಂಬ ಭಾಗದಲ್ಲಿ, 1998ರಲ್ಲಿ ಪತ್ತೆಯಾದ ಒರೆಕ್ಸಿನ್ ಎಂಬ ನರವಾಹಕವನ್ನು ಸ್ರವಿಸುವ ಕೋಶಗಳು ಎಚ್ಚರಕ್ಕೆ ಆಸರೆಯಾಗಿ ನಿಂತು, ಹಗಲು ಹೊತ್ತಿನಲ್ಲಿ ರೆಮ್ ನಿದ್ರೆ ಒಳಗೆ ನುಸುಳದಂತೆ ಕಾಯುತ್ತವೆ. ಈ ಕೋಶಗಳು ನಾಶವಾದವರಿಗೆ ನಾರ್ಕೊಲೆಪ್ಸಿ ಎಂಬ ಕಾಯಿಲೆ ಬರುತ್ತದೆ. ಅವರು ಕುಳಿತಲ್ಲೇ ನಿದ್ರೆಗೆ ಜಾರುವುದಲ್ಲದೆ, ಜೋರಾಗಿ ನಕ್ಕಾಗ ಪ್ರಜ್ಞೆ ಇರುವಂತೆಯೇ ಮೊಣಕಾಲು ಕುಸಿದು ಬೀಳುವುದೂ ಉಂಟು; ಕನಸಿನ ಹೊತ್ತಿಗೆ ಮೀಸಲಾದ ಸ್ನಾಯು ಸಡಿಲಿಕೆ ಹಗಲಿಗೆ ಹರಿದುಬಂದ ಪರಿಣಾಮ ಇದು.

ರೆಮ್ ನಿದ್ರೆಯಲ್ಲಿ ನಾರ್‌ಅಡ್ರಿನಲಿನ್ ಕೋಶಗಳು ಮಿಡಿತ ನಿಲ್ಲಿಸುವುದರಿಂದ ಮಿದುಳಿಗೆ ಆಗುವ ಲಾಭವೇನು ಎಂಬ ಪ್ರಶ್ನೆಯನ್ನು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಬೀರೇಂದ್ರನಾಥ ಮಲ್ಲಿಕ್ ದೀರ್ಘಕಾಲ ಕೆದಕಿದರು. ರೆಮ್ ನಿದ್ರೆ ತಪ್ಪಿದಾಗ ಈ ಕೋಶಗಳು ವಿರಾಮವಿಲ್ಲದೆ ಮಿಡಿಯುತ್ತ ಹೋಗುತ್ತವೆ; ಹೆಚ್ಚಿದ ನಾರ್‌ಅಡ್ರಿನಲಿನ್‌ನಿಂದಾಗಿ, ಕೋಶದ ಪೊರೆಯಲ್ಲಿ ಕುಳಿತು ಸೋಡಿಯಂ ಅನ್ನು ಹೊರಕ್ಕೆ, ಪೊಟ್ಯಾಸಿಯಂ ಅನ್ನು ಒಳಕ್ಕೆ ಸಾಗಿಸುವ ಕಿಣ್ವದ ಚಟುವಟಿಕೆ ಏರಿ, ಮಿದುಳಿನ ಕೋಶಗಳ ಉದ್ರೇಕದ ಹದವೇ ಬದಲಾಗುತ್ತದೆ ಎಂದು ಅವರ ಪ್ರಯೋಗಗಳು ಸೂಚಿಸಿದವು. ಇಂಥ ಪ್ರಯೋಗಗಳಲ್ಲಿ ಇಲಿಯನ್ನು ನೀರಿನ ನಡುವಿನ ಅಂಗೈಯಗಲದ ಪೀಠದ ಮೇಲೆ ಕೂರಿಸಲಾಗುತ್ತದೆ. ಆಳ ನಿದ್ರೆಯಲ್ಲಿ ಸ್ನಾಯುಗಳ ಬಿಗಿ ಅಷ್ಟಿಷ್ಟು ಉಳಿದಿರುವುದರಿಂದ ಅದು ಮುದುಡಿಕೊಂಡು ಮಲಗಬಲ್ಲದು. ಕನಸಿನ ನಿದ್ರೆ ಶುರುವಾಗಿ ಕತ್ತು ಸಡಿಲವಾದೊಡನೆ ಮೂತಿಗೆ ನೀರು ತಗುಲಿ ಎಚ್ಚರವಾಗುತ್ತದೆ.