ಎಷ್ಟು ಭಾರ, ಎಲ್ಲಿ ಭಾರ: ಮುಳುಗು ಸ್ಕೂಟರಿನ ಜೋಡಣೆ ಮತ್ತು ಗಿರಿಸೀಮೆಯ ಜಲಜ್ಞಾನ

ಜಾನಪದದ ಅಧ್ಯಯನ ಕ್ಷೇತ್ರವನ್ನು ರಿಚರ್ಡ್ ಡಾರ್ಸನ್ ಅವರು ೧೯೭೨ರಲ್ಲಿ ಮೌಖಿಕ ಸಾಹಿತ್ಯ, ಭೌತಿಕ ಸಂಸ್ಕೃತಿ, ಸಾಮಾಜಿಕ ಆಚರಣೆ ಹಾಗೂ ಪ್ರದರ್ಶನ ಕಲೆ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಕನ್ನಡದ ವಿದ್ವಾಂಸರು ಮೊದಲನೆಯದನ್ನು ಶ್ರದ್ಧೆಯಿಂದ ಸಂಗ್ರಹಿಸಿದ್ದಾರೆ. ಎರಡನೆಯದರ ವಸ್ತುಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ಕಾಪಾಡಿದ್ದಾರೆ. ಆದರೆ ವಸ್ತುವಿನೊಡನೆ ಕೂಡಿಕೊಂಡಿದ್ದ ಲೆಕ್ಕಾಚಾರ, ಅಂದರೆ ಅದನ್ನು ಎಲ್ಲಿ ಕಟ್ಟಬೇಕು, ಎಷ್ಟು ಸಡಿಲ ಬಿಡಬೇಕು, ಭಾರ ಯಾವ ಕಡೆಗೆ ಇರಬೇಕು ಎಂಬ ತಿಳಿವಳಿಕೆ ಅಷ್ಟಾಗಿ ದಾಖಲಾಗಿಲ್ಲ. ಈ ತಿಳಿವಳಿಕೆ ಇಂದಿನ ಒಂದು ಯಂತ್ರದ ಬಳಕೆಯನ್ನು ಅರ್ಥಮಾಡಿಕೊಳ್ಳಲು ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಯಂತ್ರವೇ ಸ್ಕೂಬಾ ಮುಳುಗುಗಾರರು ಬಳಸುವ ನೀರೊಳಗಿನ ಸ್ಕೂಟರು.

ಗಿರಿಸೀಮೆಗೂ ಈ ಯಂತ್ರಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಬಾಬಾಬುಡನ್‌ಗಿರಿಯ ಸಾಲು, ಮೂಡಿಗೆರೆ ಮತ್ತು ಕಳಸದ ಬೆಟ್ಟಗಳು ಕಾಫಿಗೆ ಹೆಸರಾಗಿರುವಂತೆ ನೀರಿಗೂ ಹೆಸರಾದವು. ಗಂಗಾಮೂಲದಲ್ಲಿ ಹುಟ್ಟುವ ತುಂಗಾ ಮತ್ತು ಭದ್ರಾ ಬಯಲಿಗೆ ಹರಿದು ಕೂಡಲಿಯಲ್ಲಿ ಒಂದಾಗುತ್ತವೆ. ಅಲ್ಲಿಯೇ ಹುಟ್ಟುವ ನೇತ್ರಾವತಿಯಾದರೋ ಘಟ್ಟವಿಳಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ. ಒಂದೇ ಬೆಟ್ಟದ ನೀರು ಒಂದು ಕಡೆ ಕೆರೆ, ಹೊಳೆ, ಜಲಾಶಯಗಳ ಸಿಹಿನೀರಾಗಿ ನಿಲ್ಲುತ್ತದೆ. ಇನ್ನೊಂದು ಕಡೆ ಉಪ್ಪುನೀರಿನಲ್ಲಿ ಬೆರೆಯುತ್ತದೆ. ಮುಳುಗು ಸ್ಕೂಟರಿನ ಜೋಡಣೆಯಲ್ಲಿ ಈ ಎರಡು ನೀರುಗಳ ವ್ಯತ್ಯಾಸವೇ ಮೊದಲ ಪಾಠವೆಂಬುದನ್ನು ಮುಂದೆ ನೋಡಲಿದ್ದೇವೆ.

೧. ಯಂತ್ರದ ಸ್ವರೂಪ

ಮುಳುಗು ಸ್ಕೂಟರು ಉದ್ದನೆಯ ಉರುಳೆಯಾಕಾರದ ಸಾಧನ. ಅದರ ಒಡಲಿನಲ್ಲಿ ಬ್ಯಾಟರಿ ಮತ್ತು ಮೋಟಾರು, ಹಿಂಬದಿಯಲ್ಲಿ ಬಳೆಯಂಥ ಕವಚದೊಳಗೆ ತಿರುಗುವ ಪಂಖ, ಮೇಲೆ ಹಿಡಿ ಮತ್ತು ಚಾಲನೆಯ ಗುಂಡಿ ಇರುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ನೌಕಾಪಡೆಯ ಮುಳುಗುಗಾರರು ಇದೇ ಜಾತಿಯ ದೊಡ್ಡ ವಾಹನಗಳ ಮೇಲೆ ಕುಳಿತು ಸಾಗಿ, ೧೯೪೧ರ ಡಿಸೆಂಬರಿನಲ್ಲಿ ಅಲೆಕ್ಸಾಂಡ್ರಿಯಾ ಬಂದರಿನಲ್ಲಿದ್ದ ಬ್ರಿಟಿಷ್ ಯುದ್ಧನೌಕೆಗಳಿಗೆ ಹಾನಿ ಮಾಡಿದರು. ೧೯೫೬ರಲ್ಲಿ ತೆರೆಕಂಡ ಜಾಕ್ ಕೂಸ್ಟೋ ಅವರ ‘ಮೌನ ಜಗತ್ತು’ ಚಲನಚಿತ್ರದ ಮೂಲಕ ಸಣ್ಣ ಸ್ಕೂಟರುಗಳು ಜನಸಾಮಾನ್ಯರ ಕಣ್ಣಿಗೆ ಬಿದ್ದವು. ಇಂದು ಪ್ರವಾಹವಿರುವ ಕಡಲಿನಲ್ಲಿ, ನೀರು ತುಂಬಿದ ಗುಹೆಗಳಲ್ಲಿ, ದೂರದವರೆಗೆ ಹುಡುಕಾಟ ನಡೆಸಬೇಕಾದ ಕಡೆಗಳಲ್ಲಿ ಅವು ಬಳಕೆಯಲ್ಲಿವೆ. ಕರ್ನಾಟಕದಲ್ಲಿ ಸ್ಕೂಬಾ ಮುಳುಗಿಗೆ ಪ್ರಸಿದ್ಧವಾದ ಸ್ಥಳ ಮುರುಡೇಶ್ವರದಿಂದ ಸುಮಾರು ೧೯ ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ.

ಸ್ಕೂಟರಿನ ಜೋಡಣೆಯಲ್ಲಿ ಎರಡು ಪ್ರಶ್ನೆಗಳಿವೆ. ಒಟ್ಟು ಭಾರ ಎಷ್ಟಿರಬೇಕು ಎಂಬುದು ಮೊದಲನೆಯದು. ಆ ಭಾರ ಎಲ್ಲಿರಬೇಕು ಎಂಬುದು ಎರಡನೆಯದು. ಕಲಿಯುವವರು ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ತೊಂದರೆಗಳು ಹುಟ್ಟುತ್ತವೆ. ನಮ್ಮ ಜನಪದರ ರೂಢಿಯಲ್ಲಿ ಇವು ಸ್ಪಷ್ಟವಾಗಿ ಬೇರೆಬೇರೆಯಾಗಿಯೇ ಉಳಿದಿವೆ ಎಂಬುದು ಈ ಲೇಖನದ ಪ್ರತಿಪಾದನೆ.

೨. ಎಷ್ಟು ಭಾರ: ಜಳ್ಳು ಮತ್ತು ಗಟ್ಟಿ

ಕಾಫಿ ತೋಟಗಳಲ್ಲಿ ಕೊಯ್ದ ಹಣ್ಣನ್ನು ಸಿಪ್ಪೆ ಬಿಡಿಸುವ ಮೊದಲು ನೀರಿಗೆ ಹಾಕುತ್ತಾರೆ. ಬೀಜ ತುಂಬಿದ ಹಣ್ಣು ಮುಳುಗುತ್ತದೆ; ಪೊಳ್ಳಾದದ್ದು, ಕಾಯಿಕೊರಕ ಹುಳು ತಿಂದದ್ದು ತೇಲುತ್ತದೆ. ಭತ್ತದ ಬಿತ್ತನೆಗೆ ಬೀಜ ಆರಿಸುವಾಗ ರೈತರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಕೋಳಿಮೊಟ್ಟೆ ತೇಲುವವರೆಗೆ ನೀರಿಗೆ ಉಪ್ಪು ಬೆರೆಸಿ, ಅದರಲ್ಲಿ ಬೀಜವನ್ನು ಸುರಿಯುತ್ತಾರೆ. ಸಿಹಿನೀರಿನಲ್ಲಿ ಮುಳುಗಿದ್ದ ಅರೆಜಳ್ಳು ಈ ನೀರಿನಲ್ಲಿ ಮೇಲೆ ಬರುತ್ತದೆ. ಬೀಜ ಬದಲಾಗಿಲ್ಲ, ನೀರು ಬದಲಾಗಿದೆ. ತೇಲುವುದು ವಸ್ತುವಿನ ಗುಣ ಮಾತ್ರವಲ್ಲ, ವಸ್ತು ಮತ್ತು ನೀರಿನ ನಡುವಣ ಸಂಬಂಧ ಎಂಬ ತತ್ತ್ವವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ.

ಸ್ಕೂಟರಿಗೂ ಇದೇ ಪರೀಕ್ಷೆ. ೨೦ ಲೀಟರ್ ಗಾತ್ರದ ಒಂದು ಸ್ಕೂಟರನ್ನು ಕಲ್ಪಿಸಿಕೊಳ್ಳೋಣ. ಅದು ಪೂರ್ತಿ ಮುಳುಗಿದಾಗ ೨೦ ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಸಿಹಿನೀರಿನಲ್ಲಿ ಆ ನೀರಿನ ತೂಕ ೨೦ ಕಿಲೋಗ್ರಾಂ. ಕಡಲಿನ ನೀರು ಲೀಟರಿಗೆ ಸುಮಾರು ೧.೦೨೫ ಕಿಲೋಗ್ರಾಂ ತೂಗುವುದರಿಂದ ಅಲ್ಲಿ ಅದು ೨೦.೫ ಕಿಲೋಗ್ರಾಂ. ಆದ್ದರಿಂದ ಭದ್ರಾ ಜಲಾಶಯದಂಥ ಸಿಹಿನೀರಿನಲ್ಲಿ ತೇಲದೆ ಮುಳುಗದೆ ನಿಲ್ಲುವಂತೆ ಹೊಂದಿಸಿದ ಸ್ಕೂಟರು ನೇತ್ರಾಣಿಯಲ್ಲಿ ಅರ್ಧ ಕಿಲೋಗ್ರಾಂನಷ್ಟು ಬಲದಿಂದ ಮೇಲಕ್ಕೆ ಎಳೆಯುತ್ತದೆ. ಕಡಲಿಗೆ ಹೊಂದಿಸಿದ್ದು ಸಿಹಿನೀರಿನಲ್ಲಿ ಅಷ್ಟೇ ಬಲದಿಂದ ತಳಕ್ಕೆ ಇಳಿಯುತ್ತದೆ. ನೀರು ಬದಲಾದಾಗಲೆಲ್ಲ ಸೀಸದ ತುಂಡುಗಳನ್ನು ಸೇರಿಸುವ ಅಥವಾ ತೆಗೆಯುವ ಅಗತ್ಯ ಬರುವುದು ಈ ಕಾರಣದಿಂದ. ಪರೀಕ್ಷೆಯನ್ನು ಬ್ಯಾಟರಿ, ಎಳೆಹಗ್ಗ, ಕೊಂಡಿಗಳೆಲ್ಲವನ್ನೂ ಜೋಡಿಸಿದ ಮೇಲೆ, ಆಳವಿಲ್ಲದ ನೀರಿನಲ್ಲಿ ಮಾಡಬೇಕು. ಕೈಬಿಟ್ಟಾಗ ಸ್ಕೂಟರು ನಿಂತಲ್ಲೇ ನಿಲ್ಲಬೇಕು. ಏರಿದರೂ ಇಳಿದರೂ ತೀರ ನಿಧಾನವಾಗಿರಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸ್ಕೂಟರಿನ ಕವಚ ಗಡುಸಾದದ್ದು. ಆಳ ಹೆಚ್ಚಿದರೂ ಅದರ ಗಾತ್ರ ಹೇಳಿಕೊಳ್ಳುವಷ್ಟು ಕುಗ್ಗುವುದಿಲ್ಲ. ಮುಳುಗುಗಾರನ ವೆಟ್‌ಸೂಟ್ ಹಾಗೂ ಬಿ.ಸಿ.ಡಿ. ಎಂದು ಕರೆಯುವ ಗಾಳಿಚೀಲದ ಅಂಗಿ ಹಾಗಲ್ಲ. ಕಡಲಿನಲ್ಲಿ ಸುಮಾರು ೧೦ ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗಿ, ಚೀಲದ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. ಮೇಲೇರುವಾಗ ಮತ್ತೆ ಹಿಗ್ಗುತ್ತದೆ. ಸ್ಕೂಟರು ಒಂದು ಕಿಲೋಗ್ರಾಂ ಹೆಚ್ಚು ಭಾರವಾಗಿದ್ದರೆ, ಅದನ್ನು ಸರಿದೂಗಿಸಲು ಕೆಲವರು ತಮ್ಮ ಅಂಗಿಗೆ ಗಾಳಿ ತುಂಬುತ್ತಾರೆ. ಆ ಬಳಿಕ ಸ್ಕೂಟರು ಕೈತಪ್ಪಿ, ಕೊಂಡಿ ಕಳಚಿ ಹೋಯಿತೆಂದುಕೊಳ್ಳೋಣ. ತುಂಬಿದ ಗಾಳಿ ಮುಳುಗುಗಾರನನ್ನು ಒಮ್ಮೆಲೇ ಮೇಲಕ್ಕೆತ್ತುತ್ತದೆ. ಏರಿದಷ್ಟೂ ಗಾಳಿ ಹಿಗ್ಗಿ ವೇಗ ಹೆಚ್ಚುತ್ತದೆ. ಉಸಿರು ಕಟ್ಟಿಕೊಂಡರೆ ಶ್ವಾಸಕೋಶಕ್ಕೆ ಪ್ರಾಣಾಂತಿಕ ಪೆಟ್ಟು ಬೀಳಬಹುದು. ಆದುದರಿಂದ ಸ್ಕೂಟರು ತನ್ನ ಭಾರವನ್ನು ತಾನೇ ಹೊರಬೇಕು, ಮನುಷ್ಯ ತನ್ನ ಭಾರವನ್ನು ತಾನು ಹೊರಬೇಕು. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಬಾರದು.

೩. ಎಲ್ಲಿ ಭಾರ: ಬೆಂಡು, ಬಲೆ ಮತ್ತು ಗಾಡಿ

ಬಾವಿ ಕೆರೆಗಳಲ್ಲಿ ಮಕ್ಕಳಿಗೆ ಈಜು ಕಲಿಸುವಾಗ ನಡುವಿಗೆ ಬೆಂಡು ಕಟ್ಟುವ ಪದ್ಧತಿ ಕನ್ನಡ ನಾಡಿನಲ್ಲೆಲ್ಲ ಇತ್ತು. ಒಣಗಿದ ಹಗುರ ಕಾಂಡ, ಸೋರೆಬುರುಡೆ, ಈಚೆಗೆ ಪ್ಲಾಸ್ಟಿಕ್ ಕ್ಯಾನು ಹೀಗೆ ವಸ್ತು ಬದಲಾದರೂ ಕಟ್ಟುವ ಜಾಗ ಬದಲಾಗಲಿಲ್ಲ. ಬೆಂಡು ಬೆನ್ನಿನ ಕಡೆಗೇ ಇರಬೇಕು. ಹೊಟ್ಟೆಯ ಕಡೆಗೆ ಕಟ್ಟಿದರೆ ತೇಲಿಸುವ ಬಲ ಕೆಳಗೂ ದೇಹದ ಭಾರ ಮೇಲೂ ಉಳಿದು, ಮಗು ಮಗುಚಿಕೊಳ್ಳುತ್ತದೆ. ಬೆಂಡಿನ ಗಾತ್ರ ‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರವಾದರೆ, ಗಂಟಿನ ಜಾಗ ‘ಎಲ್ಲಿ’ ಎಂಬುದಕ್ಕೆ ಉತ್ತರ. ಮೀನುಬಲೆಯಲ್ಲಿಯೂ ಇದೇ ವಿವೇಕವಿದೆ. ಮೇಲಂಚಿಗೆ ಬೆಂಡು, ಕೆಳಅಂಚಿಗೆ ಸೀಸದ ಗುಂಡುಗಳು ಇರುವುದರಿಂದಲೇ ಬಲೆ ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ.

ಇದೇ ಕಾರಣಕ್ಕೆ ಸ್ಕೂಟರಿನ ಸೀಸವನ್ನು ಅದರ ಒಡಲಿನ ಕೆಳಬದಿಯಲ್ಲಿ ಇಡಬೇಕಾಗುತ್ತದೆ. ಪಂಖ ಒಂದು ದಿಕ್ಕಿಗೆ ತಿರುಗುವಾಗ ಒಡಲು ಎದುರು ದಿಕ್ಕಿಗೆ ಹೊರಳಲು ಯತ್ನಿಸುತ್ತದೆ. ಕೆಳಗಿನ ಭಾರ ಈ ಹೊರಳಾಟವನ್ನು ತಡೆದು, ಹಿಡಿ ಸದಾ ಮೇಲಿರುವಂತೆ ನೋಡಿಕೊಳ್ಳುತ್ತದೆ.

ಉದ್ದದ ಸಮತೋಲಕ್ಕೆ ಎತ್ತಿನ ಗಾಡಿ ಒಳ್ಳೆಯ ನಿದರ್ಶನ. ಗಿರಿಯ ಕಾಫಿ ಮೂಟೆಗಳು ಲಾರಿಗಳಿಗೆ ಮೊದಲು ಘಟ್ಟವಿಳಿದದ್ದು ಗಾಡಿಗಳಲ್ಲಿಯೇ. ಹೇರು ಮುಂದಕ್ಕೆ ಸರಿದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಅದು ಮುಂಭಾರ. ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ, ಅದು ಹಿಂಭಾರ. ಮೂಟೆಗಳ ಸಂಖ್ಯೆ ಎರಡೂ ಸಂದರ್ಭಗಳಲ್ಲಿ ಒಂದೇ. ಸ್ಕೂಟರು ಮುಂಭಾರವಾದರೆ ಅದರ ಮೂತಿ ತಳಕ್ಕೆ ಬಾಗಿ, ಮುಳುಗುಗಾರನನ್ನು ಆಳಕ್ಕೆ ಒಯ್ಯುತ್ತದೆ. ಹಿಂಭಾರವಾದರೆ ಮೂತಿ ಮೇಲೆದ್ದು, ಮಣಿಕಟ್ಟು ಸದಾ ಅದನ್ನು ಅದುಮಿ ಹಿಡಿಯಬೇಕಾಗುತ್ತದೆ. ಪರಿಹಾರ ಸೀಸವನ್ನು ಹೆಚ್ಚಿಸುವುದಲ್ಲ, ಸರಿಸುವುದು. ನಡುಬಿಂದುವಿನಿಂದ ೪೦ ಸೆಂಟಿಮೀಟರ್ ದೂರದ ೨೦೦ ಗ್ರಾಂ ಸೀಸ, ೨೦ ಸೆಂಟಿಮೀಟರ್ ದೂರದ ೪೦೦ ಗ್ರಾಂ ಮಾಡುವ ಕೆಲಸವನ್ನೇ ಮಾಡುತ್ತದೆ. ಇಂಗ್ಲಿಷಿನ ‘ಟ್ರಿಮ್’ ಎಂಬ ಪದಕ್ಕೆ ಹೊಸ ಸಂಸ್ಕೃತ ಪದವನ್ನು ಕಟ್ಟುವುದಕ್ಕಿಂತ, ಮುಂಭಾರ, ಹಿಂಭಾರ, ಸಮಭಾರ ಎಂಬ ಮಾತುಗಳಿಂದಲೇ ಈ ಇಡೀ ವಿಷಯವನ್ನು ಬೋಧಿಸಲು ಸಾಧ್ಯ.

ಸವಾರಿ ಮಾಡುವವರ ಭಾರ ಎಲ್ಲಿರಬೇಕು ಎಂಬುದಕ್ಕೆ ಹರಿಗೋಲು ಸಾಕ್ಷಿ. ಭದ್ರೆಯ ನೀರು ತುಂಗಭದ್ರೆಯಾಗಿ ಹರಿಯುವ ಆನೆಗೊಂದಿಯಲ್ಲಿ, ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ಹರಿಗೋಲುಗಳನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ೧೫೨೦ರ ಸುಮಾರಿಗೆ ಕಂಡು ದಾಖಲಿಸಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಒಯ್ಯುತ್ತಿದ್ದವೆಂದೂ ಸದಾ ಸುತ್ತುತ್ತ ಸಾಗುತ್ತಿದ್ದವೆಂದೂ ಅವನ ಬರಹದಿಂದ ತಿಳಿಯುತ್ತದೆ. ಜನರನ್ನು ಸುತ್ತಲೂ ಸಮನಾಗಿ, ತಳಕ್ಕೆ ಒತ್ತಿ ಕೂರಿಸುವುದು, ನಡುಹೊಳೆಯಲ್ಲಿ ಯಾರೂ ಎದ್ದು ನಿಲ್ಲದಂತೆ ನೋಡಿಕೊಳ್ಳುವುದು ಅಂಬಿಗನ ಮೊದಲ ಕೆಲಸ.

೪. ಎಳೆತದ ಜಾಗ: ನೊಗ ಮತ್ತು ಹಗ್ಗ

ಸಮಭಾರಕ್ಕೆ ಬಂದ ಸ್ಕೂಟರನ್ನು ಮನುಷ್ಯನಿಗೆ ಜೋಡಿಸುವುದು ಮುಂದಿನ ಹಂತ. ಹಿಡಿಯನ್ನು ಕೈಯಲ್ಲಿ ಹಿಡಿದು ಎಳೆಸಿಕೊಂಡು ಹೋದರೆ ತೋಳು ಮತ್ತು ಭುಜ ಬೇಗನೆ ಸೋಲುತ್ತವೆ. ಆದ್ದರಿಂದ ಸ್ಕೂಟರಿನಿಂದ ಬಂದ ಎಳೆಹಗ್ಗವನ್ನು ತೊಡೆಸಂದಿನ ಪಟ್ಟಿಯ ಮುಂಭಾಗದ ಬಳೆಗೆ ಕೊಂಡಿಯಿಂದ ಸಿಕ್ಕಿಸುತ್ತಾರೆ. ಎಳೆತವನ್ನು ದೇಹದ ನಡು ಹೊರುತ್ತದೆ. ಕೈ ದಿಕ್ಕನ್ನು ಮಾತ್ರ ತೋರಿಸುತ್ತದೆ. ಎತ್ತಿನ ಹೆಗಲು ಭಾರವನ್ನು ಹೊತ್ತು, ಮೂಗುದಾರ ದಿಕ್ಕನ್ನು ಮಾತ್ರ ಸೂಚಿಸುವ ವ್ಯವಸ್ಥೆಯನ್ನು ಇದು ನೆನಪಿಸುತ್ತದೆ.

ಹಗ್ಗದ ಅಳತೆಯೇ ಈ ಜೋಡಣೆಯ ಜೀವಾಳ. ನೇಗಿಲಿನ ಈಸಿನ ಮೇಲೆ ನೊಗ ಕಟ್ಟುವ ಜಾಗವನ್ನು ತುಸು ಸರಿಸಿದರೆ ಉಳುಮೆಯ ಆಳ ಬದಲಾಗುವುದನ್ನು ರೈತರು ಬಲ್ಲರು. ಇಲ್ಲಿಯೂ ಹಾಗೆಯೇ. ಹಗ್ಗ ಗಿಡ್ಡವಾದರೆ ಪಂಖ ಹಿಂದಕ್ಕೆ ಚಿಮ್ಮಿಸುವ ನೀರು ನೇರವಾಗಿ ಎದೆಗೆ ಬಡಿದು ವೇಗ ಕುಂದುತ್ತದೆ. ಉದ್ದವಾದರೆ ಎಳೆತವೆಲ್ಲ ಚಾಚಿದ ತೋಳಿನ ಮೇಲೆ ಬೀಳುತ್ತದೆ. ಹಗ್ಗ ಬಿಗಿಯಾಗಿದ್ದಾಗ ಮೊಣಕೈ ತುಸು ಮಡಿಚಿರಬೇಕು. ಸ್ಕೂಟರು ತಲೆಗಿಂತ ಮುಂದೆ, ದೇಹದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇರಬೇಕು. ಪಂಖದ ನೀರು ಹೊಟ್ಟೆಯ ಕೆಳಗಿನಿಂದ ಹಾದುಹೋಗಬೇಕು. ಸಾಮಾನ್ಯವಾಗಿ ಬಲಗೈ ಚಾಲನೆಯ ಗುಂಡಿಗೆ ಮೀಸಲಾದರೆ, ಎಡಗೈ ಗಾಳಿಚೀಲದ ನಿಯಂತ್ರಣಕ್ಕೆ ಬಿಡುವಾಗಿರುತ್ತದೆ.

ಮುಳುಗುಗಾರನ ದೇಹವೂ ಸಮಭಾರದಲ್ಲಿ, ಅಂದರೆ ನೀರಿಗೆ ಸಮಾನಾಂತರವಾಗಿ ಮಲಗಿರಬೇಕು. ಕಾಲು ಜೋತುಬಿದ್ದ ದೇಹ ನೀರಿಗೆ ಅಗಲವಾದ ಅಡ್ಡಿಯಾಗಿ, ಬ್ಯಾಟರಿಯ ಶಕ್ತಿಯನ್ನು ವ್ಯರ್ಥಗೊಳಿಸುತ್ತದೆ. ಸೊಂಟದ ಸೀಸವನ್ನು ತುಸು ಮೇಲಕ್ಕೆ ಸರಿಸುವುದು, ಬೆನ್ನಿನ ಗಾಳಿಯ ಸಿಲಿಂಡರನ್ನು ತಲೆಯ ಕಡೆಗೆ ಏರಿಸುವುದು ಇದಕ್ಕೆ ಉಪಾಯಗಳು. ಜೋತಾಡುವ ಕೊಳವೆ, ಪಟ್ಟಿಗಳನ್ನೆಲ್ಲ ಪಂಖಕ್ಕೆ ಸಿಗದಂತೆ ಬಿಗಿದಿರಬೇಕು. ಸ್ಕೂಟರು ಕೆಟ್ಟುನಿಂತರೆ ಈಜಿಕೊಂಡೇ ಮರಳಲು ಬೇಕಾದಷ್ಟು ಗಾಳಿಯನ್ನು ಉಳಿಸಿಕೊಂಡೇ ದೂರ ಸಾಗಬೇಕು.

೫. ಬೆಟ್ಟದವರಿಗೆ ಒಂದು ವಿಶೇಷ ಸೂಚನೆ

ಗಿರಿಸೀಮೆಯಿಂದ ಕಡಲಿಗೆ ಹೋಗಿ ಮುಳುಗುವವರು ಭಾರದ ಇನ್ನೊಂದು ಲೆಕ್ಕವನ್ನೂ ತಿಳಿದಿರಬೇಕು. ಅದು ಗಾಳಿಯ ಭಾರ. ಆಳದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ಸಾರಜನಕ ಹೊರಬರಲು ಗಂಟೆಗಟ್ಟಲೆ ಸಮಯ ಬೇಕು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಗಿರಿಯ ಶಿಖರಗಳು ಇನ್ನೂ ಮೇಲಿವೆ. ಮುಳುಗಿದ ಸಂಜೆಯೇ ಘಟ್ಟ ಹತ್ತಿದರೆ ಹೊರಗಿನ ಒತ್ತಡ ಕುಸಿದು, ಸಾರಜನಕ ದೇಹದೊಳಗೆ ಗುಳ್ಳೆಗಟ್ಟುವ ಅಪಾಯವಿದೆ. ವಿಮಾನ ಪ್ರಯಾಣಕ್ಕೆ ಹೇಳುವಂತೆ, ಒಂದು ಸಾಮಾನ್ಯ ಮುಳುಗಿನ ಬಳಿಕ ಕನಿಷ್ಠ ೧೨ ಗಂಟೆ, ಹಲವು ಮುಳುಗುಗಳ ಬಳಿಕ ೧೮ ಗಂಟೆ ಕರಾವಳಿಯಲ್ಲಿಯೇ ತಂಗುವುದು ಕ್ಷೇಮ. ಸ್ಕೂಟರಿನ ವೇಗದಿಂದಾಗಿ ಅರಿವಿಲ್ಲದೆ ಆಳ ಹೆಚ್ಚಾಗುವ, ಥಟ್ಟನೆ ಮೇಲೇರುವ ಸಾಧ್ಯತೆ ಇರುವುದರಿಂದ ಈ ನಿಯಮವನ್ನು ಸಡಿಲಿಸಬಾರದು.

೬. ದಾಖಲೀಕರಣದ ಅಗತ್ಯ

ಜನಪದರು ಸ್ಕೂಟರನ್ನು ಊಹಿಸಿದ್ದರೆಂದು ಈ ಲೇಖನ ವಾದಿಸುವುದಿಲ್ಲ. ಸಮಸ್ಯೆಯ ಸ್ವರೂಪ ಅವರಿಗೆ ಗೊತ್ತಿತ್ತು; ಅದನ್ನು ಬಿಡಿಸಿ ಹೇಳುವ ಮಾತುಗಳೂ ಅವರಲ್ಲಿದ್ದವು. ಕೆರೆಕಟ್ಟೆಗಳಲ್ಲಿ ಯಾರಾದರೂ ಮುಳುಗಿದಾಗ ಇಂದಿಗೂ ಊರಿನ ಮುಳುಗುಗಾರರಿಗೆ ಕರೆ ಹೋಗುತ್ತದೆ. ಅಂಥವರ ಕೈಗೆ ಹೊಸ ಸಾಧನಗಳು ಬರುವಾಗ ತರಬೇತಿ ಅವರದೇ ಮಾತಿನಲ್ಲಿ ದೊರೆಯಬೇಕಾದರೆ, ಆ ಮಾತುಗಳು ಮೊದಲು ನಮ್ಮ ದಾಖಲೆಗಳಲ್ಲಿ ಇರಬೇಕು.

ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ತೊಡಗುವವರು ‘ಮಕ್ಕಳಿಗೆ ಬೆಂಡು ಕಟ್ಟುತ್ತಿದ್ದರು’ ಎಂದು ಬರೆದು ಮುಗಿಸದೆ, ಬೆಂಡಿನ ಜಾತಿ, ಉದ್ದ ಮತ್ತು ಸುತ್ತಳತೆ, ಗಂಟು ಬೀಳುತ್ತಿದ್ದ ಜಾಗ, ಮಗು ಕಲಿತಂತೆಲ್ಲ ಬೆಂಡನ್ನು ಕಿರಿದುಗೊಳಿಸುತ್ತಿದ್ದ ಕ್ರಮ ಇವುಗಳನ್ನೂ ಅಳೆದು ಬರೆಯಬೇಕು. ಗಾಡಿ ಹೇರುವವರು, ಬಲೆ ಕಟ್ಟುವವರು, ಹರಿಗೋಲು ನಡೆಸುವವರು ಭಾರವನ್ನು ಕುರಿತು ಆಡುವ ಪದಗಳನ್ನು ಪ್ರಾದೇಶಿಕ ಭೇದಗಳೊಡನೆ ಪಟ್ಟಿ ಮಾಡಬೇಕು. ಗಾಡಿಗಳು ಅಪರೂಪವಾಗಿ, ಬಾವಿಗಳು ಬತ್ತಿ, ಹರಿಗೋಲಿನ ಕಡವುಗಳಲ್ಲಿ ಸೇತುವೆಗಳೆದ್ದಿರುವ ಕಾಲವಿದು. ಈ ಪದಗಳನ್ನು ಕೈಕೆಲಸದ ಮೂಲಕವೇ ಕಲಿತ ತಲೆಮಾರು ನಮ್ಮೊಡನೆ ಇರುವಾಗಲೇ ಈ ಕೆಲಸ ಆಗಬೇಕಾಗಿದೆ.